ಇಪ್ಪತ್ತೆಂಟರ ಮೇಯರ್

1688ರಲ್ಲಿ ಹುಟ್ಟಿದ ಚೆನ್ನೈ ಮಹಾನಗರ ಪಾಲಿಕೆಗೆ 2022ರ ಮಾರ್ಚ್‌ನಲ್ಲಿ ಆರ್. ಪ್ರಿಯಾ ಮೇಯರ್ ಆದರು. ವಯಸ್ಸು ಇಪ್ಪತ್ತೆಂಟು. ಉತ್ತರ ಚೆನ್ನೈನ 74ನೇ ವಾರ್ಡಿನಿಂದ ಗೆದ್ದ ಅವರು, ಪಾಲಿಕೆಯ ಕಚೇರಿಯಾದ ರಿಪ್ಪನ್ ಕಟ್ಟಡದ ಆ ಕುರ್ಚಿಯಲ್ಲಿ ಕುಳಿತ ಮೊದಲ ದಲಿತ ಮಹಿಳೆ. ರಾಜಕೀಯ ಮನೆತನದ ಹುಡುಗಿ ಎಂಬ ಮಾತೂ ಕೇಳಿಬಂತು. ಇರಲಿ, ಪರಿಶಿಷ್ಟ ಜಾತಿಯ ಮಹಿಳೆಗೆಂದು ಮೇಯರ್ ಸ್ಥಾನ ಮೀಸಲಾಗದಿದ್ದರೆ ಯಾವ ಮನೆತನವೂ ನೆರವಿಗೆ ಬರುತ್ತಿರಲಿಲ್ಲ.

ಯುವಕರು ಮುಂದೆ ಬರಬೇಕು ಎಂದು ವೇದಿಕೆಯ ಮೇಲೆ ಹೇಳದ ರಾಜಕಾರಣಿ ಇಲ್ಲ. ಆದರೆ ನಾಯಕತ್ವ ಕಲಿಯುವುದು ಶಿಬಿರದಲ್ಲಲ್ಲ. ಮಳೆನೀರು ಮನೆಗೆ ನುಗ್ಗಿದ ರಾತ್ರಿ ಫೋನ್ ಎತ್ತಿ, ಬೈಗುಳ ತಿಂದು, ಎಂಜಿನಿಯರನ್ನು ಎಬ್ಬಿಸಿ ಪಂಪು ತರಿಸುವಾಗ ಕಲಿಯುತ್ತಾರೆ. ಆ ಕಲಿಕೆಗೆ ವಾರ್ಡೇ ಶಾಲೆ. ಚುನಾವಣೆ ನಡೆಸದೆ ಚೆನ್ನೈ ಈ ಶಾಲೆಯನ್ನೇ 2016ರಿಂದ ಐದು ವರ್ಷಕ್ಕೂ ಹೆಚ್ಚು ಕಾಲ ಮುಚ್ಚಿತ್ತು, ಅಧಿಕಾರಿಗಳೇ ಆಳಿದರು.

ನಮ್ಮ ಬೆಂಗಳೂರು ಅದನ್ನು ನೋಡಿಯೂ ಎಚ್ಚೆತ್ತುಕೊಳ್ಳಲಿಲ್ಲ. ಇಲ್ಲಿನ ಪಾಲಿಕೆಯಾದ ಬಿಬಿಎಂಪಿಯ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಚುನಾವಣೆ ನಡೆಯದೆಯೇ 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಪಾಲಿಕೆಗೆ ಸ್ಪರ್ಧಿಸಲು ಇಪ್ಪತ್ತೊಂದು ವರ್ಷ ಸಾಕು, ವಿಧಾನಸಭೆಗೆ ಇಪ್ಪತ್ತೈದು ಬೇಕು. 2020ರಲ್ಲಿ ಇಪ್ಪತ್ತೊಂದು ತುಂಬಿದ ಬೆಂಗಳೂರಿನ ಹುಡುಗ, ಹುಡುಗಿಯರು ಶಾಸಕರಾಗುವ ವಯಸ್ಸು ದಾಟಿದರೂ ವಾರ್ಡಿನ ಚುನಾವಣೆಯೊಂದನ್ನೂ ಕಾಣಲಿಲ್ಲ.