‘ಬೇಡ’ ಎನ್ನುವುದನ್ನೂ ಕಲಿಸಬೇಕು

ಪುಣೆಯ ನಮ್ಮ ತಂಡಕ್ಕೆ ಈಚೆಗೆ ದಾವಣಗೆರೆ ಕಡೆಯ ಹುಡುಗನೊಬ್ಬ ಸೇರಿದ. ಎರಡನೇ ವಾರವೇ ನನ್ನ ಬಳಿ ಬಂದು, ‘ಸರ್, ಟೆಸ್ಟಿಂಗ್‌ಗೆ ಗ್ರಾಹಕರ ನಿಜವಾದ ಡೇಟಾನೇ ಕಾಪಿ ಮಾಡ್ಕೊ ಅಂದಿದ್ದಾರೆ. ಹೆಸರು, ಮೊಬೈಲ್ ನಂಬರ್ ಎಲ್ಲಾ ಇದೆ. ಮಾಡಬಹುದಾ?’ ಎಂದು ಕೇಳಿದ. ನನಗೆ ಮುಜುಗರವಾಯಿತು. ಹತ್ತು ವರ್ಷದ ಹಿಂದೆ ಬೇರೊಂದು ಕಂಪನಿಯಲ್ಲಿ ಇದೇ ಕೆಲಸವನ್ನು ನಾನು ಯಾರನ್ನೂ ಕೇಳದೆ ಮಾಡಿದ್ದೆ. ರಿಲೀಸ್ ಹತ್ತಿರವಿತ್ತು, ಮ್ಯಾನೇಜರ್ ಹೇಳಿದ್ದರು, ಅಷ್ಟೇ.

ನೀತಿಪಾಠ ಓದಿರಲಿಲ್ಲವೆಂದಲ್ಲ, ಒಳ್ಳೆಯ ಅಂಕವೇ ಬಂದಿತ್ತು. ವಿಟಿಯುವಿನ 2018ರ ಪಠ್ಯಕ್ರಮದಲ್ಲಿ ಸಂವಿಧಾನ, ವೃತ್ತಿನೀತಿ, ಸೈಬರ್ ಕಾನೂನು ಮೂರೂ ಸೇರಿ ಒಂದೇ ವಿಷಯ. ಕೆಲಸಕ್ಕೆ ಸೇರಿದ ಮೇಲೆ ವರ್ಷಕ್ಕೊಮ್ಮೆ ಆನ್‌ಲೈನ್ ತರಬೇತಿ. ‘ನೆಕ್ಸ್ಟ್’ ಒತ್ತುತ್ತ ಹೋದರೆ ಸರ್ಟಿಫಿಕೇಟ್ ಸಿದ್ಧ. ಯಾವುದು ತಪ್ಪು ಎಂದು ಅಲ್ಲಿ ಹೇಳುತ್ತಾರೆ. ತಪ್ಪೆಂದು ಗೊತ್ತಾದಾಗ ಮೇಲಿನವರಿಗೆ ಅದನ್ನು ಹೇಗೆ ಹೇಳಬೇಕೆಂದು ಯಾರೂ ಹೇಳಿಕೊಡುವುದಿಲ್ಲ.

ಹೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ 2015ರಲ್ಲಿ ಬಯಲಾದ ಫೋಕ್ಸ್‌ವ್ಯಾಗನ್ ಪ್ರಕರಣ ಸಾಕು. ಕಾರು ತಪಾಸಣೆಯಲ್ಲಿದೆ ಎಂದು ಗುರುತಿಸಿ ಆಗ ಮಾತ್ರ ಹೊಗೆಯ ವಿಷಾನಿಲ ತಗ್ಗಿಸುವ ಸಾಫ್ಟ್‌ವೇರ್, ಜಗತ್ತಿನ ಸುಮಾರು 1.1 ಕೋಟಿ ಡೀಸೆಲ್ ವಾಹನಗಳಲ್ಲಿತ್ತು. ಅಮೆರಿಕದ ನ್ಯಾಯಾಲಯ 2017ರಲ್ಲಿ ಆ ಕಂಪನಿಯ ಎಂಜಿನಿಯರ್ ಜೇಮ್ಸ್ ಲಿಯಾಂಗ್‌ಗೆ 40 ತಿಂಗಳ ಜೈಲು ವಿಧಿಸಿತು. ಕಂಪನಿಗಾಗಿ ದುಡಿದದ್ದು ಅವರನ್ನು ಉಳಿಸಲಿಲ್ಲ. ನಮ್ಮಲ್ಲೂ 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ, ಡೇಟಾ ಕಾಪಾಡಲು ತಪ್ಪಿದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಬೀಳಬಹುದು.

ಹಾಗೆಂದು ಪ್ರೊಬೇಷನ್‌ನಲ್ಲಿರುವ ಹುಡುಗನಿಗೆ ‘ಧೈರ್ಯವಾಗಿ ಹೇಳು’ ಎಂದು ಉಪದೇಶಿಸುವುದು ಸುಲಭ. ಊರಲ್ಲಿ ಸಾಲವಿದೆ, ಕೆಲಸ ಹೋದರೆ ಗತಿಯೇನು? ಅದಕ್ಕೇ ನೀತಿಯನ್ನು ಕೋಡಿಂಗ್‌ನಂತೆ ಅಭ್ಯಾಸದಿಂದ ಕಲಿಸಬೇಕು. ಕಾಲೇಜಿನಲ್ಲಿ ವ್ಯಾಖ್ಯೆ ಬರೆಸುವ ಬದಲು, ಮ್ಯಾನೇಜರ್‌ಗೆ ಕಳಿಸುವ ಆಕ್ಷೇಪದ ಇಮೇಲ್ ಬರೆಸಲಿ. ಕಂಪನಿಗಳು ಕೋಡ್ ರಿವ್ಯೂನಲ್ಲಿ ಒಂದು ಪ್ರಶ್ನೆ ಸೇರಿಸಲಿ: ಇದರಿಂದ ಯಾರಿಗೆ ತೊಂದರೆಯಾಗಬಹುದು?

ಹೊರನಾಡಿನಲ್ಲಿರುವ ನಮ್ಮಲ್ಲಿ ಅನೇಕರು ಈಗ ಸೀನಿಯರ್‌ಗಳು. ಊರಿನಿಂದ ಬರುವ ಹುಡುಗರಿಗೆ ಪಿಜಿ ಹುಡುಕಿಕೊಡುತ್ತೇವೆ, ರೆಫರಲ್ ಕೊಡುತ್ತೇವೆ. ‘ಬೇಡ’ ಎನ್ನಬೇಕಾದಾಗ ಅವರ ಪಕ್ಕದಲ್ಲಿ ನಿಲ್ಲುವುದೂ ನಮ್ಮ ಪಾಲಿನ ಕೆಲಸ.

ಅಂದು ಆ ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಇಬ್ಬರೂ ಇಮೇಲ್ ಬರೆದೆವು: ಹೆಸರು, ನಂಬರ್ ಮರೆಮಾಡಿದ ಡೇಟಾ ಕೊಡಿ, ಎರಡು ದಿನ ಹೆಚ್ಚು ಬೇಕು. ಕೆಳಗೆ ನನ್ನ ಹೆಸರು ಹಾಕಿದೆ. ಮೀಟಿಂಗ್‌ನಲ್ಲಿ ಸ್ವಲ್ಪ ಮಾತು ಕೇಳಬೇಕಾಯಿತು. ರಿಲೀಸ್ ಎರಡು ದಿನ ತಡವಾಯಿತು, ಅಷ್ಟೇ.