‘ಎಲ್ಲ ಶಾಸನಗಳು’ ಎಂಬ ಮಾತಿನ ಹೊಣೆ

‘ತಾಲ್ಲೂಕಿನ ಎಲ್ಲ ದಾನಶಾಸನಗಳನ್ನು ಪರಿಶೀಲಿಸಲಾಗಿದೆ’ ಎಂಬ ವಾಕ್ಯ ಸಂಶೋಧನೆಗೆ ಹೊಸದಲ್ಲ. ಗಣಕಯಂತ್ರ ಅದನ್ನು ಬರೆಯುವುದನ್ನು ಸುಲಭಗೊಳಿಸಿದೆ, ಅಷ್ಟೆ. ಎ.ಪಿ.ಐ. ಮೂಲಕ ದತ್ತಾಂಶಕೋಶವನ್ನು ಕೇಳಿದಾಗ ಸಾಮಾನ್ಯವಾಗಿ ದೊರೆಯುವುದು ಒಂದು ಕಂತು ಮಾತ್ರ. ವಿಕಿಸೋರ್ಸ್ ಬಳಸುವ ಮೀಡಿಯಾವಿಕಿಯಲ್ಲಿ ವರ್ಗವೊಂದರ ಪುಟಗಳನ್ನು ಕೇಳಿದರೆ, ಮಿತಿ ಸೂಚಿಸದಿದ್ದಲ್ಲಿ 10, ಸಾಮಾನ್ಯ ಬಳಕೆದಾರನಿಗೆ ಹೆಚ್ಚೆಂದರೆ 500 ಬರುತ್ತವೆ. ಜೊತೆಗೆ ಮುಂದುವರಿಕೆಯ ಗುರುತೊಂದು. ಆ ಗುರುತನ್ನು ಮರಳಿ ಕಳುಹಿಸಿ ಉಳಿದುದನ್ನು ಕೇಳದವನಿಗೆ ಮೊದಲ ಕಂತೇ ಸಮಗ್ರವೆಂದು ತೋರುತ್ತದೆ.

ಇದು ತಿದ್ದಬಹುದಾದ ದೋಷ. ವರ್ಗೀಕರಣದ ತೊಡಕು ಆಳವಾದುದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಶಾಸನಗಳು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ನ ಬಾಂಬೆ-ಕರ್ನಾಟಕ ಸಂಪುಟಗಳಲ್ಲಿ ಬಿಜಾಪುರ ಜಿಲ್ಲೆಯ ಹೆಸರಿನಲ್ಲಿ ಅಚ್ಚಾಗಿವೆ. 1997ರಲ್ಲಿ ಬಾಗಲಕೋಟೆ ಬೇರೆಯಾಯಿತು. 2014ರಲ್ಲಿ ಬಿಜಾಪುರ ವಿಜಯಪುರವಾಯಿತು. ಅನಂತರ ಇಂಡಿಯಿಂದ ಚಡಚಣ, ಮುದ್ದೇಬಿಹಾಳದಿಂದ ತಾಳಿಕೋಟೆ ಪ್ರತ್ಯೇಕ ತಾಲ್ಲೂಕುಗಳಾದವು. ಈ ಸಂಪುಟಗಳನ್ನು ಇದ್ದಂತೆಯೇ ಗಣಕಕ್ಕೆ ಇಳಿಸಿದರೆ, ‘ವಿಜಯಪುರ’ ಎಂಬ ಹುಡುಕಾಟಕ್ಕೆ ಏನೂ ಸಿಗದು. ‘ಬಿಜಾಪುರ’ ಎಂದರೆ ಬಾದಾಮಿಯೂ ಬಂದೀತು. ‘ಎಪಿಗ್ರಾಫಿಯಾ ಇಂಡಿಕಾ’ದ 5ನೆಯ ಸಂಪುಟದಲ್ಲಿ ಫ್ಲೀಟ್ ‘ಮನಗೋಳಿ’ ಎಂದು ಬರೆದ ಊರು ಇಂದಿನ ಮನಗೂಳಿ. ಯಂತ್ರಕ್ಕೆ ಇವು ಎರಡು ಊರುಗಳು.

ಪ್ರಕಾರವೂ ಹಾಗೆಯೇ. ಇಂಡಿ ತಾಲ್ಲೂಕಿನ ಸಾಲೋಟಗಿಯ 945ರ ಕಂಬಶಾಸನ ದಾನಶಾಸನವೂ ಹೌದು, ವಿದ್ಯಾಕೇಂದ್ರದ ದಾಖಲೆಯೂ ಹೌದು. ನಮೂದಿಸಿದವರು ಒಂದೇ ಹೆಸರನ್ನು ಆಯ್ದಿದ್ದರೆ ಇನ್ನೊಂದು ಹುಡುಕಾಟದಲ್ಲಿ ಅದು ಕಾಣೆಯಾಗುತ್ತದೆ. ಹಾಗೆ ಬಿಟ್ಟುಹೋದುದರ ಸುಳಿವೂ ಓದುಗನಿಗೆ ಸಿಗುವುದಿಲ್ಲ.

ಸಂಪುಟ, ಪುಟಸಂಖ್ಯೆಗಳನ್ನು ಪಟ್ಟು ಹಿಡಿದು ಕೇಳುವ ಮಾರ್ಗದರ್ಶಕರು ಇನ್ನು ಮುಂದೆ ಹುಡುಕಾಟದ ಸೂತ್ರ, ಬಳಸಿದ ಊರ ಹೆಸರಿನ ರೂಪಗಳು, ದಿನಾಂಕ, ಬಂದ ದಾಖಲೆಗಳ ಸಂಖ್ಯೆ ಇವನ್ನೂ ಪ್ರಬಂಧದ ಅನುಬಂಧದಲ್ಲಿ ಕೇಳಬೇಕಾಗಿದೆ.