ಕಾಣಿಕೆಯ ಬುಟ್ಟಿಯ ಹೊದಿಕೆ

ಕಾಣಿಕೆಯ ಬುಟ್ಟಿಯನ್ನು ಹೊದಿಸಿ ಕಟ್ಟುವ ವಿಷಯವು ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ಅಲ್ಪವಾಗಿ ತೋರಬಹುದು. ನಮಗೂ ಹಾಗೆಯೇ ತೋರಿದ್ದಿತು. ನಮ್ಮ ತಪ್ಪೊಂದರಿಂದ ನಾವು ಕಲಿತುದನ್ನು ಇಲ್ಲಿ ಅರಿಕೆಮಾಡುತ್ತೇವೆ.

ಕಳೆದ ವರುಷ ಕ್ರಿಸ್ಮಸ್ ಹಬ್ಬಕ್ಕೆ ಮುಂಚೆ ನಮ್ಮ ಬಾಲಿಕೆಯರನ್ನು ದುಬಾರೆಯ ಆನೆ ಬಿಡಾರಕ್ಕೆ ಕರೆದುಕೊಂಡು ಹೋದೆವು. ಮೈಸೂರಿನ ದಸರಾ ಮೆರವಣಿಗೆಗೆ ಇಲ್ಲಿಂದಲೂ ಆನೆಗಳು ಹೋಗುವುದುಂಟಷ್ಟೆ. ಅವುಗಳನ್ನು ಸಾಕುವ ಮಾವುತರ ಮತ್ತು ಕಾವಾಡಿಗರ ಮನೆಗಳಿಗೆಂದು 6 ಬುಟ್ಟಿಗಳು ಸಿದ್ಧವಾದುವು. ಕಿತ್ತಳೆ, ಬೆಲ್ಲ, ಕಾಫಿಪುಡಿಯ ಡಬ್ಬಿ, ಉಪ್ಪಿನಕಾಯಿಯ ಶೀಶೆ ಇವು ಅವುಗಳಲ್ಲಿದ್ದುವು. 5 ಬುಟ್ಟಿಗಳಿಗೆ ಮಿನುಗುವ ಪ್ಲಾಸ್ಟಿಕ್ ಹಾಳೆಯ ಹೊದಿಕೆ, ರಿಬ್ಬನ್ನಿನ ಹೂಗಂಟು. ಆರನೆಯದನ್ನು ಒಬ್ಬ ಬಾಲಿಕೆಯು ತಾಯಿಯ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿ ತಂದಿದ್ದಳು. "ಇದು ಬಡತನದಂತೆ ಕಾಣುತ್ತದಲ್ಲಾ" ಎಂದು ಎಲ್ಲರ ಮುಂದೆ ನಾವು ಅಂದೆವು. ಆಕೆಯು ತಲೆತಗ್ಗಿಸಿದಳು.

ಕಾವೇರಿಯನ್ನು ದಾಟಿ ದಡವನ್ನು ಹತ್ತುವಾಗ ರಿಬ್ಬನ್ನುಗಳು ಜಾರಿದುವು. ಒಂದು ಶೀಶೆಯು ಉರುಳಿ ಒಡೆಯಿತು. ಕಿತ್ತಳೆಗಳು ನೀರಿಗೆ ಬಿದ್ದುವು. ಒಂದು ಹಾಳೆಯನ್ನು ಗಾಳಿಯು ಹೊಳೆಗೆ ಒಯ್ದಿತು. ಉಳಿದ ಹಾಳೆಗಳೊಳಗೆ ಹಣ್ಣುಗಳು ಬೆವತಿದ್ದುವು. ಸೀರೆಯ ಕಟ್ಟು ಮಾತ್ರ ಕಟ್ಟಿದ ಹಾಗೆಯೇ ಇತ್ತು. ಅಲ್ಲಿಯೇ ಆಕೆಯ ಕ್ಷಮೆ ಬೇಡಿದೆವು.

ಭದ್ರತೆಯು ಹೊದಿಕೆಯಿಂದಲ್ಲ, ಒಳಗಿನ ಜೋಡಣೆಯಿಂದ ಮೊದಲಾಗುತ್ತದೆ. ಬುಟ್ಟಿಯ ತಳಕ್ಕೆ ಒಣಹುಲ್ಲನ್ನು ಒತ್ತಾಗಿ ಹಾಸಬೇಕು. ಭಾರವಾದವುಗಳನ್ನು ನಡುವೆ ಕೆಳಗೂ, ಹಣ್ಣುಗಳನ್ನು ಮೇಲೂ ಇಡಬೇಕು. ಶೀಶೆಯು ನೆಟ್ಟಗೆ ನಿಂತು, ಅದರ ಸುತ್ತಲಿನ ಸಂದುಗಳು ತುಂಬಿರಬೇಕು. ಬುಟ್ಟಿಯನ್ನು ಮೆಲ್ಲನೆ ಅಲುಗಿಸಿದಾಗ ಒಳಗೆ ಸದ್ದಾಗಬಾರದು. ಕಾಫಿಪುಡಿಗೆ ಗಾಳಿಯಾಡದ ಡಬ್ಬಿಯು ಬೇಕು. ಕಿತ್ತಳೆಗಾದರೋ ಗಾಳಿಯೇ ಬೇಕು. ಆದುದರಿಂದ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬಿಗಿಯುವುದು ಯುಕ್ತವಲ್ಲ.

ಬಳಿಕ ಚೌಕವಾದ ಬಟ್ಟೆಯ ನಡುವೆ ಬುಟ್ಟಿಯನ್ನಿಟ್ಟು, ಎದುರುಬದುರಿನ ಮೂಲೆಗಳನ್ನು ಮೇಲೆ ತಂದು ಕಟ್ಟಬೇಕು. ಮೊದಲು ಬಲದ ತುದಿಯನ್ನು ಎಡದ ಮೇಲೆ, ಆಮೇಲೆ ಎಡದ ತುದಿಯನ್ನು ಬಲದ ಮೇಲೆ ಹಾಯಿಸಿದರೆ ಗಂಟು ಸುಲಭವಾಗಿ ಜಾರದು. ಅಂದವು ಬೇಕಾದವರು ಸೀರೆಯ ಅಂಚು ಹೊರಕ್ಕೆ ಕಾಣುವಂತೆ ಮಡಿಸಿ, ಗಂಟಿಗೆ ಒಂದು ಏಲಕ್ಕಿಯ ಎಲೆಯನ್ನೋ ಹೂವನ್ನೋ ಸಿಕ್ಕಿಸಲಿ. ಜಪಾನಿನವರು ಇಂಥ ಬಟ್ಟೆಯನ್ನು ಫುರೋಶಿಕಿ ಎನ್ನುತ್ತಾರೆ. ಪ್ಲಾಸ್ಟಿಕ್ ಚೀಲಗಳ ಹಾವಳಿಯನ್ನು ತಗ್ಗಿಸಬೇಕೆಂದು 2006ರಲ್ಲಿ ಅಲ್ಲಿಯ ಪರಿಸರ ಸಚಿವೆ ಯುರಿಕೋ ಕೊಯಿಕೆಯವರು ಇದರ ಬಳಕೆಗೆ ಉತ್ತೇಜನಕೊಟ್ಟರು.

ಹಾಳೆಯಾದರೆ ಒಳಗಿನ ವಸ್ತು ಕಾಣುವುದೆಂದು ಕೆಲವರು ಹೇಳುವರು. ಅದು ನಿಜವೇ. ಆದರೆ ಕಾಣುವುದು ಒಂದು ಗಳಿಗೆ, ಹಾಳೆ ಉಳಿಯುವುದು ಬಹುಕಾಲ. ತಿಂಡಿಯ ವಾಸನೆ ಹತ್ತಿದ ಹಾಳೆಯನ್ನು ಮೂಕಪ್ರಾಣಿಗಳು ಆಹಾರವೆಂದು ನುಂಗುವುವು. ಮಿಠಾಯಿಯ ಪೆಟ್ಟಿಗೆಗಳಿಗೆ ಸುತ್ತುವ ಪ್ಲಾಸ್ಟಿಕ್ ಹಾಳೆಯನ್ನು ನಮ್ಮ ದೇಶದಲ್ಲಿ 2022ನೆಯ ಜುಲೈ 1ರಿಂದ ನಿಷೇಧಿಸಲಾಗಿದೆ. ಪೆಟ್ಟಿಗೆಗೆ ಸಲ್ಲದ್ದು ಬುಟ್ಟಿಗೆ ಹೇಗೆ ಸಲ್ಲುವುದು?

ಈ ವರುಷ ದುಬಾರೆಗೆ ಹೋಗುವ ಬುಟ್ಟಿಗಳೆಲ್ಲವೂ ಬಟ್ಟೆಯಲ್ಲಿಯೇ ಹೋಗತಕ್ಕದ್ದೆಂದು ನಿಶ್ಚಯಿಸಿದ್ದೇವೆ. ತಾಯಂದಿರು ಹಳೆಯ ಸೀರೆಯ ಗಟ್ಟಿಯಾದ ತುಂಡುಗಳನ್ನು ಒಗೆದು ಕೊಟ್ಟು ಕಳುಹಿಸಬೇಕೆಂದು ಕೋರುತ್ತೇವೆ. ಗಂಟು ಹಾಕುವುದನ್ನು ಆ ಬಾಲಿಕೆಯೇ ಉಳಿದವರಿಗೆ ಕಲಿಸುವಳು. ಇನ್ನೊಂದು ಮಾತು: ಹಾಳೆಯು ಹರಿದು ಕಸವಾಗುತ್ತದೆ, ಬಟ್ಟೆಯು ಮನೆಗೆ ಹಿಂದಿರುಗುತ್ತದೆ. ಬಂದ ಪಾತ್ರೆಯನ್ನು ಬರಿದಾಗಿ ಹಿಂದಕ್ಕೆ ಕಳುಹಿಸುವ ವಾಡಿಕೆ ನಮ್ಮಲ್ಲಿಲ್ಲ. ಕಳೆದ ವರುಷದ ಆ ಸೀರೆಯ ತುಂಡು ದುಬಾರೆಯಿಂದ ಹಿಂದಿರುಗಿದಾಗ ಅದರಲ್ಲಿ ಒಂದು ಪುಟ್ಟ ಶೀಶೆ ಜೇನು ಇತ್ತು.